ನಿಂಬೆವ್ವನ ಹೊಲದ ದಾರಿ

ಮೂರನೆಯ ಬಿದಿರೂ ಲಟಕ್ಕನೆ ಮುರಿಯಿತು. ವಿಶ್ವಾರಾಧ್ಯ ಮಾಸ್ತರರ ಅಂಗಳದಲ್ಲಿ ಬೆಳಗಿನಿಂದ ವಿಮಾನ ಕಟ್ಟುವ ಕೆಲಸ ನಡೆದಿತ್ತು. ಕಟ್ಟುತ್ತಿದ್ದವರು ಆರು ಜನ. ಆರೂ ಜನ ಪದವೀಧರರು, ಆರೂ ಜನ ಮಾಸ್ತರರ ಕೈಯಲ್ಲಿ ವಿಜ್ಞಾನ ಕಲಿತವರು. ಬಾಗಿಸುವ ಬಿದಿರಿಗೆ ಮೊದಲು ಬೆಂಕಿಯ ಕಾವು ತೋರಿಸಬೇಕು ಎಂಬುದು ಅವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ತೀರಿಕೊಂಡವರನ್ನು ಕೂಡಿಸಿ ಒಯ್ಯುವ ಈ ಮಂಟಪವನ್ನು ಕಟ್ಟಲು ಬಲ್ಲ ಮುದುಕರಿಬ್ಬರೂ ತಾವೇ ವಿಮಾನವೇರಿ ಹೋಗಿ ಎರಡು ಮೂರು ವರ್ಷಗಳಾಗಿದ್ದವು.

ಕೊನೆಗೆ ಊರ ಹೈಸ್ಕೂಲಿನ ಈಗಿನ ಹೆಡ್‌ಮಾಸ್ಟರ್ ಕಲ್ಯಾಣಕುಮಾರ ಬಾಗಿಸುವ ಗೋಜೇ ಬೇಡವೆಂದರು. ನಾಲ್ಕು ಮೂಲೆಗೆ ನಾಲ್ಕು ನೆಟ್ಟಗಿನ ಬಿದಿರು ನಿಲ್ಲಿಸಿ, ತುದಿಗಳನ್ನು ಮೇಲೆ ಗೋಪುರದಂತೆ ಕೂಡಿಸಿ ಕಟ್ಟಿಸಿದರು. ಚೆಂಡುಹೂವಿನ ಸರ ಸುತ್ತಿದ ಮೇಲೆ ನೋಡಲು ಚೆಂದವೇ ಆಯಿತು. ಎತ್ತರ ಮಾತ್ರ ಹತ್ತಡಿ ದಾಟಿತು. ಅಷ್ಟೆತ್ತರ ಯಾಕೆ ಎಂದು ಯಾರೂ ಕೇಳಲಿಲ್ಲ, ಹೆಡ್‌ಮಾಸ್ಟರರನ್ನು ಕೇಳುವ ರೂಢಿ ಊರಿನಲ್ಲಿರಲಿಲ್ಲ.

ಒಳಗೆ ಪಡಸಾಲೆಯಲ್ಲಿ ಮಾಸ್ತರರನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಯ ತುಂಬ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ಪಕ್ಕದಲ್ಲಿ ಹೆಂಡತಿ ಗುರುಶಾಂತಮ್ಮ ಕೂತಿದ್ದರು. ಹಿಂದಿನ ಸಂಜೆ ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮಾಸ್ತರರು ಹೋಗಿಬಿಟ್ಟಿದ್ದರು. ಅಳುವುದೆಲ್ಲ ಮುಗಿದು ಈಗ ಗುರುಶಾಂತಮ್ಮನಿಗೆ ಹೊರಗಿನ ಮಾತೆಲ್ಲ ತೀರ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಮಾಸ್ತರರ ಹೊಲಕ್ಕೆ ಕುಣಿ ತೋಡಲು ಹೋದವರಲ್ಲಿ ಒಬ್ಬ ತೊಯ್ದ ಧೋತರದಲ್ಲಿ ಬಂದು, ಹಳ್ಳ ಎದೆಮಟ ಹರಿಯುತ್ತಿದೆ, ವಿಮಾನ ದಾಟಿಸುವುದು ಆಗದ ಮಾತು ಎಂದ. ಹಿಂಗಾರು ಮಳೆ ಈ ಸಲ ನರೋಣಾ ಸುತ್ತಮುತ್ತ ಬಿಡುವು ಕೊಟ್ಟಿರಲಿಲ್ಲ. ಮಾಸ್ತರರ ಹೊಲಕ್ಕೆ ಇನ್ನು ಉಳಿದಿದ್ದು ಒಂದೇ ದಾರಿ, ನಿಂಬೆವ್ವನ ಹೊಲದ್ದು. ಅದು ಗೊತ್ತಿದ್ದರೂ ಅಂಗಳದಲ್ಲಿ ಆ ಹೆಸರನ್ನು ಯಾರೂ ಎತ್ತಲಿಲ್ಲ. ಇನ್ನೊಬ್ಬರ ಹೊಲದಲ್ಲಿ ಮಣ್ಣಿನ ಮೆರವಣಿಗೆ ಹಾಯಬೇಕೆಂದರೆ ಹೊಲದವರನ್ನು ಮೊದಲು ಕೇಳಬೇಕೆಂಬುದು ಊರಿನ ಕಟ್ಟಳೆ. ನಿಂಬೆವ್ವನನ್ನು ಕೇಳುವವರು ಯಾರು? ಮಾಸ್ತರರೇ ಇಪ್ಪತ್ತು ವರ್ಷ ಆ ದಾರಿ ತುಳಿದಿರಲಿಲ್ಲ. ಹಳ್ಳ ದಾಟುವ ಸುತ್ತುದಾರಿಯಲ್ಲಿ ಎರಡು ಕಿಲೋಮೀಟರು ಹೆಚ್ಚು ನಡೆಯುತ್ತಿದ್ದರು.

ಕಲ್ಯಾಣಕುಮಾರ ದನಿ ತಗ್ಗಿಸಿ ಪಕ್ಕದವರಿಗೆ ಹೇಳಿದರು. "ಆಕಿ ಮಗ, ತೊಂಬತ್ತೆಂಟು ಮಾರ್ಕ್ಸ್ ತಗೊಂಡ ಹುಡುಗ ನೋಡ್ರಿ. ವಾಯರ್ ಮುಟ್ಟೂಕಿಂತ ಮೊದಲ ಮೇನ್ ಬಂದ್ ಮಾಡ್ಬೇಕಂತ ಒಂದು ಮಾತು ಹೇಳಿಕೊಟ್ಟಿದ್ರ ಉಳೀತಿದ್ದ. ನಮ್ಮ ಸರ್ ಎಲ್ಲಾ ಕಲಿಸಿದ್ರು, ಅದೊಂದು ಕಲಿಸ್ಲಿಲ್ಲ."

ಕುಹಕದಿಂದ ಆಡಿದ ಮಾತಲ್ಲ ಅದು. ಊರಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಿದ್ದರು, ಮಾಸ್ತರರೂ ಹಾಗೆಯೇ ಹೇಳುತ್ತಿದ್ದರು. ಆದರೆ ಗಂಡನನ್ನು ಎದುರಿಗೆ ಕೂಡಿಸಿಕೊಂಡು ಆ ಮಾತನ್ನು ಇನ್ನೊಮ್ಮೆ ಕೇಳುವುದು ಗುರುಶಾಂತಮ್ಮನಿಂದ ಆಗಲಿಲ್ಲ. ಅವರು ಎದ್ದರು. ಹೆಣದ ಮುಂದಿನಿಂದ ಎದ್ದು ಹೊಸ್ತಿಲು ದಾಟಬಾರದೆಂದು ಹೆಂಗಸರು ಸೆರಗು ಹಿಡಿದರು.

"ಬಿಡ್ರಿ. ನಿಂಬೆವ್ವನ ಕಡಿ ನಾನೇ ಹೋಗ್ತೇನಿ," ಎಂದರು.

* * *

ಇಪ್ಪತ್ತು ವರ್ಷದ ಹಿಂದೆ ಆ ಹೈಸ್ಕೂಲಿನಲ್ಲಿ ಕಸುಬಿನ ಕೋಣೆ ಎಂದೊಂದು ಕೋಣೆಯಿತ್ತು. ಗರಗಸ, ಇಕ್ಕಳ, ಒಂದು ಹಳೆಯ ಮೋಟರು, ಗೋಡೆಗೆ ಹೊಡೆದ ಕರೆಂಟಿನ ಬೋರ್ಡು. ಕಸುಬಿನ ಮಾಸ್ತರರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಕಾರ್ಯಾನುಭವದ ಪಿರಿಯಡ್ಡುಗಳು ಸುಮ್ಮನೆ ಹಾಳಾಗುತ್ತವೆಂದು ವಿಶ್ವಾರಾಧ್ಯ ಮಾಸ್ತರರು ಅವನ್ನೂ ತಾವೇ ಕೇಳಿ ತೆಗೆದುಕೊಂಡರು. ಕೋಣೆಗೆ ಬೀಗ ಬಿತ್ತು, ಮಕ್ಕಳಿಗೆ ಸೂತ್ರಗಳು ಬಾಯಿಪಾಠವಾದವು. ಮೂವತ್ತೆಂಟಿದ್ದ ರಿಸಲ್ಟು ತೊಂಬತ್ತೊಂದಕ್ಕೆ ಏರಿತು. ಆಳಂದದಲ್ಲಿ ಶಾಲು ಹೊದಿಸಿ ಸನ್ಮಾನ ಮಾಡಿದರು. ಆ ವರ್ಷ ಮಾಸ್ತರರ ನಡಿಗೆಯೇ ಬೇರೆಯಾಗಿತ್ತು.

ರೇವಣಪ್ಪ ಮತ್ತು ನಿಂಬೆವ್ವನ ಒಬ್ಬನೇ ಮಗ ಧರ್ಮರಾಜ ವಿಜ್ಞಾನದಲ್ಲಿ ನೂರಕ್ಕೆ ತೊಂಬತ್ತೆಂಟು ತೆಗೆದ. ಫಲಿತಾಂಶ ಬಂದ ಹದಿನೈದು ದಿನಕ್ಕೆ ಗಾಳಿಮಳೆ ಬಂದು, ಅವರ ಹೊಲದ ಕೋಣೆಯಿಂದ ಬಾವಿಯ ಮೋಟರಿಗೆ ದಾರಿಯ ಮೇಲೆ ಹಾದುಹೋಗಿದ್ದ ವಾಯರು ಬಾವಿಯ ಹತ್ತಿರ ಹರಿದುಬಿತ್ತು. ರೇವಣಪ್ಪ ವಾಯರ್‌ಮನ್‌ನನ್ನು ಕರೆತರಲು ಆಳಂದಕ್ಕೆ ಹೋದ. ಇಷ್ಟಕ್ಕೆ ವಾಯರ್‌ಮನ್ ಯಾಕೆ ಎಂದು ಹುಡುಗ ತಾನೇ ಕೆಲಸಕ್ಕಿಳಿದ.

ಮಾಸ್ತರರು ಅದೇ ದಾರಿಯಲ್ಲಿ ತಮ್ಮ ಹೊಲಕ್ಕೆ ಹೊರಟಿದ್ದರು. ಹುಡುಗ ಅವರನ್ನು ನಿಲ್ಲಿಸಿ ತೋರಿಸಿದ. "ಸರ್, ಮೇನ್ ಹ್ಯಾಂಡಲ್ ಇಳಿಸೇನ್ರಿ. ಇನ್ನ ಕರೆಂಟ್ ಹರಿಯಂಗಿಲ್ಲ."

ಮಾಸ್ತರರಿಗೆ ಹಿಗ್ಗಾಯಿತು. ಶಾಣ್ಯಾ ಇದ್ದಿ ಎಂದು ಬೆನ್ನು ತಟ್ಟಿ ಮುಂದೆ ಹೋದರು. ಹ್ಯಾಂಡಲ್ ಇಳಿಸಿದರಷ್ಟೇ ಸಾಲದು, ಡಬ್ಬಿಯೊಳಗಿನ ಫ್ಯೂಸ್ ಕಿತ್ತು ಕೈಯಲ್ಲಿಟ್ಟುಕೊಂಡೇ ವಾಯರು ಮುಟ್ಟಬೇಕು ಎಂಬುದು ಅವರಿಗೂ ಗೊತ್ತಿರಲಿಲ್ಲ. ಅದು ಅವರು ಓದಿದ ಪುಸ್ತಕದಲ್ಲಿರಲಿಲ್ಲ. ಇಕ್ಕಳ ಹಿಡಿದವರು ಒಬ್ಬರಿಂದ ಒಬ್ಬರು ಕಲಿಯುವ ಮಾತು ಅದು.

ಆಗಿನ ಕಾಲಕ್ಕೆ ತ್ರೀಫೇಸ್ ಕರೆಂಟು ದಿನಕ್ಕೆ ನಾಲ್ಕು ತಾಸು. ಕರೆಂಟು ಬಂದದ್ದನ್ನು ತೋರಿಸಲು ಮೇನಿಗಿಂತ ಮೊದಲೇ ಜೋಡಿಸಿದ್ದ ಕೋಣೆಯ ದೀಪ ಹತ್ತಿದ್ದು ಮನೆಯವರು ಯಾರು ಕಂಡರೂ ಓಡಿಹೋಗಿ ಮೋಟರು ಹಚ್ಚುವುದು, ಅದು ಉಸಿರಾಟದಷ್ಟು ರೂಢಿ. ವಾಯರು ಹರಿದ ಸುದ್ದಿ ತಿಳಿಯದ ನಿಂಬೆವ್ವ ಮಗನಿಗೆ ರೊಟ್ಟಿ ಗಂಟು ತಂದಳು. ದೀಪ ಹತ್ತಿತ್ತು. ಹ್ಯಾಂಡಲ್ ಇಳಿದಿತ್ತು. ಗಂಡ ಮರೆತು ಇಳಿಸಿ ಹೋಗಿರಬೇಕೆಂದು ಹ್ಯಾಂಡಲ್ ಎತ್ತಿ ಹಸಿರು ಗುಂಡಿ ಒತ್ತಿದಳು. ನಡುವೆ ಆಳೆತ್ತರದ ಕಬ್ಬಿತ್ತು. ಬಾವಿಯ ಕಡೆ ಮಗ ಇರುವುದು ಆಕೆಗೆ ಕಾಣಲಿಲ್ಲ.

ಚೀರಾಟ ಕೇಳಿ ಮೊದಲು ಓಡಿಬಂದವರು ಮಾಸ್ತರರು. ಇಳಿದಿದ್ದ ಹ್ಯಾಂಡಲ್ ಏರಿದ್ದನ್ನು ನೋಡಿದರು, ಕೋಣೆಯ ಬಾಗಿಲಲ್ಲಿ ಬಿದ್ದ ರೊಟ್ಟಿ ಗಂಟು ನೋಡಿದರು. ಪೊಲೀಸರು ಕೇಳಿದಾಗ, ಹ್ಯಾಂಡಲ್ ಮೊದಲಿನಿಂದಲೂ ಏರಿಯೇ ಇತ್ತು ಎಂದರು. ಇಳಿಸಬೇಕೆಂಬುದು ಹುಡುಗನಿಗೆ ಗೊತ್ತಿರಲಿಲ್ಲ, ನಾನು ಕಲಿಸಿರಲಿಲ್ಲ ಎಂದರು. ಹಾಗೆಯೇ ಬರೆದುಕೊಂಡರು. ಊರೂ ಹಾಗೆಯೇ ಬರೆದುಕೊಂಡಿತು.

ನಿಜ ಹೇಳಿದ್ದು ಗುರುಶಾಂತಮ್ಮನಿಗೆ ಮಾತ್ರ. ಆ ಸಂಜೆ ಅಡುಗೆಮನೆಯಲ್ಲಿ ನಿಂತು ಎಲ್ಲವನ್ನೂ ಹೇಳಿ, ಎದೆಯ ಲಿಂಗ ಮುಟ್ಟಿಸಿ ಆಣೆ ಹಾಕಿಸಿಕೊಂಡರು. "ಆಕಿಗೆ ಮಗ ಹೋಗ್ಯಾನ. ಅದರ ಮ್ಯಾಲ ಇದೂ ಹೊರಸ್ಲೇನು? ನನ್ನ ಜೀವ ಇರೂತನಕ ಯಾರ ಮುಂದೂ ಅನಬ್ಯಾಡ."

ಅಂದಿನಿಂದ ಆ ಮನೆಯಲ್ಲಿ ಒಂದು ಬಲ್ಬು ಬದಲಿಸುವುದೂ ಸುಲಭದ ಕೆಲಸವಾಗಿ ಉಳಿಯಲಿಲ್ಲ. ಬಲ್ಬು ಹಾಕಿ ಸ್ವಿಚ್ಚು ಒತ್ತುವ ಮೊದಲು ಮಾಸ್ತರರು ಮನೆಯಲ್ಲಿದ್ದವರ ಹೆಸರು ಒಂದೊಂದಾಗಿ ಕೂಗುತ್ತಿದ್ದರು. ಒಬ್ಬೊಬ್ಬರೂ ಇದ್ದೇನಿ ಎನ್ನಬೇಕು. ಗಂಡಹೆಂಡತಿ ಇಬ್ಬರೇ ಇದ್ದಾಗಲೂ ಗುರುಶಾಂತಾ ಎಂದು ಕೂಗುತ್ತಿದ್ದರು, ಅವರು ಇದ್ದೇನಿ ಎನ್ನುತ್ತಿದ್ದರು. ಆಮೇಲೆ ಸ್ವಲ್ಪ ತಡೆದು, ಹಾಜರಿ ಕರೆಯುವ ದನಿಯಲ್ಲಿ, ಧರ್ಮರಾಜ ಎನ್ನುತ್ತಿದ್ದರು. ಅಂದು ಕಾಯುತ್ತಿದ್ದರು. ಎಷ್ಟೋ ಸಲ ಗುರುಶಾಂತಮ್ಮ ಕತ್ತಲೆಯಲ್ಲೇ ಅಡುಗೆ ಮಾಡಿದರು, ಬಲ್ಬಿನ ಮಾತೆತ್ತಲಿಲ್ಲ.

* * *

ನಿಂಬೆವ್ವನ ಮನೆ ಊರಿನ ಕೊನೆಯ ಓಣಿಯಲ್ಲಿ. ಗಂಡ ರೇವಣಪ್ಪ ತೀರಿ ಐದು ವರ್ಷವಾಗಿತ್ತು, ಹೊಲವನ್ನು ಪಾಲಿಗೆ ಕೊಟ್ಟಿದ್ದಳು. ಗುರುಶಾಂತಮ್ಮ ಹೋದಾಗ ಮೊರದಲ್ಲಿ ಕಾಳು ಹಾಕಿಕೊಂಡು ಕೂತಿದ್ದಳು, ಆರಿಸುತ್ತಿರಲಿಲ್ಲ. ಸಾವಿನ ಮನೆಯ ಮುಂದೆ ಬಾರಿಸುತ್ತಿದ್ದ ಹಲಗೆಯ ಸದ್ದು ಅಲ್ಲಿಗೂ ಕೇಳುತ್ತಿತ್ತು.

ದಾರಿಯುದ್ದಕ್ಕೂ ಗುರುಶಾಂತಮ್ಮ ಒಂದನ್ನೇ ಯೋಚಿಸಿದ್ದರು. ಜೀವ ಇರುವತನಕ ಎಂದಿದ್ದರು ಅವರು. ಈಗ ಜೀವ ಇಲ್ಲ, ಆಣೆ ಮುಗಿಯಿತು. ಇವತ್ತು ಇಡೀ ಊರು ಮಣ್ಣು ಕೊಡಲು ಸೇರುತ್ತದೆ. ಇವತ್ತು ಹೇಳದಿದ್ದರೆ ಈ ಮನುಷ್ಯ ಆ ಮಾತನ್ನು ಹೊತ್ತುಕೊಂಡೇ ಕುಣಿಯಲ್ಲಿ ಕೂಡಬೇಕಾಗುತ್ತದೆ. ಇಪ್ಪತ್ತು ವರ್ಷ ತನ್ನ ಗಂಡ ತಲೆ ತಗ್ಗಿಸಿ ನಡೆದದ್ದನ್ನು ಈಕೆ ಕಟ್ಟೆಯ ಮೇಲೆ ಕೂತು ನೋಡಿದಳಲ್ಲ, ಒಂದು ದಿನವಾದರೂ ಬಾಯಿ ಬಿಡಬಾರದಿತ್ತೇ ಎಂದು ಅವರಿಗೆ ಸಿಟ್ಟು ಉಕ್ಕಿ ಬರುತ್ತಿತ್ತು.

ಹಳ್ಳ ಬಂದಿದೆ, ನಿಮ್ಮ ಹೊಲದಲ್ಲಿ ದಾರಿ ಕೊಡಬೇಕು ಎಂದು ಕೇಳಿದರು.

"ದಾರಿ ಕೇಳಾಕ ನೀವು ಎದ್ದು ಬರೋದೇನ್ರಿ, ಅವ್ವಾರ," ಎಂದಳು ನಿಂಬೆವ್ವ. ಮುಖ ಎತ್ತಲಿಲ್ಲ. "ಒಯ್ಯಿರಿ."

ಗುರುಶಾಂತಮ್ಮ ನಿಂತೇ ಇದ್ದರು. ಹ್ಯಾಂಡಲ್ ಎತ್ತಿದವಳು ನೀನು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಗೋಡೆಯ ಮೇಲೆ ಹುಡುಗನ ಫೋಟೋ ಇರಲಿಲ್ಲ. ಫೋಟೋ ತೂಗುಹಾಕುವ ಜಾಗದಲ್ಲಿ ಗಾಜಿನ ಚೌಕಟ್ಟು ಹಾಕಿಸಿದ ಅಂಕಪಟ್ಟಿಯಿತ್ತು. ಅದರ ಮುಂದೆ ಊದಿನಕಡ್ಡಿ ಉರಿದ ಕಪ್ಪು. ಆ ಮನೆಗೆ ಕರೆಂಟೇ ಇರಲಿಲ್ಲ, ವಾಯರು ಕಿತ್ತು ತೆಗೆದ ಗುರುತು ಗೋಡೆಯುದ್ದಕ್ಕೂ ಇತ್ತು. ಗೂಡಿನಲ್ಲಿ ಸೀಮೆಎಣ್ಣೆಯ ಬುಡ್ಡಿ. ಅದನ್ನು ನೋಡಿದ ಗುರುಶಾಂತಮ್ಮ ಆ ಮಾತನ್ನು ನುಂಗಿಕೊಂಡು ಹೊರಟುಬಿಟ್ಟರು. ಅದಕ್ಕಾಗಿ ತಮ್ಮ ಮೇಲೆಯೇ ಸಿಟ್ಟು ಬಂತು.

ಹಿಂದಿರುಗಿ ಹತ್ತು ಹೆಜ್ಜೆ ನಡೆದಿದ್ದರು. ನಿಂಬೆವ್ವ ಹಿಂದೆಯೇ ಎದ್ದು ಬಂದಳು. ಮೋಟರಿನ ವಾಯರು ಜೋತು ಬಿದ್ದಿದೆ, ದಾರಿಗೆ ಅಡ್ಡವಾಗುತ್ತದೆ ಎಂದಳು. ಕೈಯಲ್ಲಿ ಹೊಲದ ಕೋಣೆಯ ಬೀಗದಕೈ ಇತ್ತು.

* * *

ಧರ್ಮರಾಜ ಸತ್ತ ಮರುವಾರವೇ ಮಾಸ್ತರರು ಕಸುಬಿನ ಕೋಣೆಯ ಬೀಗ ತೆಗೆದಿದ್ದರು. ಆಳಂದದ ಒಬ್ಬ ವಾಯರ್‌ಮನ್‌ನ ಬಳಿ ಮೂರು ತಿಂಗಳು ರಜಾದಿನಗಳಲ್ಲಿ ಹೋಗಿ, ಆತ ಹೇಳಿದಂತೆ ಏಣಿ ಹಿಡಿದು, ಆತನಿಂದ ಬೈಸಿಕೊಂಡು ಕಲಿತರು. ಆಮೇಲೆ ಮಕ್ಕಳಿಗೆ ಕಲಿಸಿದ್ದೂ ಅದನ್ನೇ. ಫ್ಯೂಸು, ಸ್ಟಾರ್ಟರು, ಜಾಯಿಂಟು. ಹೊಲದಲ್ಲಿ ಪಾಠ, ಬಾವಿಕಟ್ಟೆಯ ಮೇಲೆ ಪಾಠ. ಪುಸ್ತಕದ ಕೊನೆಯ ನಾಲ್ಕು ಅಧ್ಯಾಯ ಯಾರೂ ತೆರೆದು ನೋಡಲಿಲ್ಲ. ರಿಸಲ್ಟು ನಲವತ್ತನಾಲ್ಕಕ್ಕೆ ಬಿತ್ತು.

ಆ ತಂಡದಲ್ಲಿ ಜಸ್ಮೀನ ಎಂಬ ಹುಡುಗಿಯಿದ್ದಳು. ಮೋಟರು ಬಿಚ್ಚಿ ಜೋಡಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಡಿಪ್ಲೊಮಾ ಮಾಡಿ ಇಂಜಿನಿಯರ್ ಆಗುವೆನೆಂಬ ಆಸೆ ಅವಳಿಗೆ. ಆರು ಅಂಕದಿಂದ ಸೀಟು ತಪ್ಪಿತು. ಕೇಳಿದ್ದ ಪ್ರಶ್ನೆಗಳು ಆ ಕೊನೆಯ ನಾಲ್ಕು ಅಧ್ಯಾಯದವು. ಮಾಸ್ತರರು ಅವಳ ಮನೆಗೆ ಹೋಗಿ ಅವಳ ತಾಯಿ ಮದೀನಾಬಿಯ ಮುಂದೆ ತಲೆತಗ್ಗಿಸಿ ಕೂತರು. ಹುಡುಗಿ ಅತ್ತುಕೊಂಡೇ ಕೇಳಿದಳು. "ಆ ಹುಡುಗಗ ಪುಸ್ತಕ ಕೊಟ್ರಿ, ಕೈ ಕೊಡ್ಲಿಲ್ಲ. ನನಗ ಕೈ ಕೊಟ್ರಿ, ಪುಸ್ತಕ ಕೊಡ್ಲಿಲ್ಲ. ಎರಡೂ ಕೂಡಿ ಯಾರಿಗರೆ ಕೊಡ್ತೀರೇನ್ರಿ ಸರ್?"

ಆಮೇಲೆ ಮಾಸ್ತರರು ನಿವೃತ್ತಿಯವರೆಗೂ ಬೆಳಿಗ್ಗೆ ಒಂದು ತಾಸು ಮೊದಲು, ಸಂಜೆ ಒಂದು ತಾಸು ಹೆಚ್ಚು ಶಾಲೆಯಲ್ಲಿದ್ದು ಎರಡನ್ನೂ ತುರುಕಲು ನೋಡಿದರು. ಒಂದು ವರ್ಷವೂ ತಕ್ಕಡಿ ಸಮ ನಿಂತಿತೆಂದು ಅವರಿಗೆ ಅನ್ನಿಸಲಿಲ್ಲ. ಹದಿನೆಂಟು ವರ್ಷದಿಂದ ಆಳಂದದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ನಡೆಸುತ್ತಿದ್ದ ಜಸ್ಮೀನ ಇವತ್ತು ಅಂಗಡಿ ಮುಚ್ಚಿ ಸ್ಕೂಟಿಯಲ್ಲಿ ಬಂದಿದ್ದಳು. ಸಿಟ್ಟು ಪೂರ್ತಿ ಆರಿರಲಿಲ್ಲ. ಆದರೂ ಬಂದಿದ್ದಳು.

* * *

ಅಯ್ಯನವರ ಮಂತ್ರ ಮುಗಿದು, ಮಾಸ್ತರರು ವಿಮಾನದಲ್ಲಿ ಕೂತು ಹೊರಟಾಗ ಹೊತ್ತು ಹನ್ನೊಂದು ದಾಟಿತ್ತು. ಮುಂದೆ ಭಜನೆಯವರು, ಹಿಂದೆ ಊರು. ಜಿನುಗು ಮಳೆ. ಎರಡೂ ಬದಿಗೆ ತೊಗರಿ ಸೊಂಟದೆತ್ತರ ನಿಂತಿತ್ತು. ನಿಂಬೆವ್ವನ ಹೊಲದ ಕೋಣೆಯ ಹತ್ತಿರ ಬಂದಾಗ ವಿಮಾನ ನಿಂತಿತು. ಕೋಣೆಯಿಂದ ಬಾವಿಗೆ ಹೋದ ವಾಯರು ದಾರಿಯ ಮೇಲೆ ಜೋತಿತ್ತು. ಹೆಗಲ ಮೇಲಿನ ಗೋಪುರದ ತುದಿ ಅದಕ್ಕಿಂತ ಎರಡಡಿ ಮೇಲೆ.

ಇಳಿಸಿ ಬಿದಿರು ಕಡಿಯೋಣವೆಂದು ಒಬ್ಬರು, ಏರಿದ ವಿಮಾನ ಇಳಿಸಬಾರದೆಂದು ಇನ್ನೊಬ್ಬರು. ಕಲ್ಯಾಣಕುಮಾರ, ಮೋಟರು ಬಂದ್ ಇದೆ, ವಾಯರಿನಲ್ಲಿ ಕರೆಂಟಿಲ್ಲ ಎಂದು ತಿಳಿಸಿ ಹೇಳಿದರು. ಬಿದಿರು ವಿದ್ಯುತ್ತನ್ನು ಹರಿಯಗೊಡುವುದಿಲ್ಲ ಎಂಬುದನ್ನೂ ವಿವರಿಸಿದರು. ಒಂದು ಗಳುವಿನಿಂದ ವಾಯರು ಎತ್ತಿ ಹಿಡಿಯಲು ಇಬ್ಬರು ಮುಂದಾದರು.

ಹಿಂದಿನಿಂದ ಜಸ್ಮೀನ ಜನರನ್ನು ಸರಿಸಿಕೊಂಡು ಬಂದಳು. ಗಳು ಹಿಡಿದವನ ಕೈಯಿಂದ ಅದನ್ನು ಕಿತ್ತು ಕೆಳಗೆ ಹಾಕಿದಳು. ಬಿದಿರು ತೊಯ್ದಿತ್ತು. ಈಗೆಲ್ಲ ಸ್ಟಾರ್ಟರಿಗೆ ಆಟೋ ಹಾಕಿರುತ್ತಾರೆ, ಕರೆಂಟು ಬಂದ ಗಳಿಗೆಗೆ ಮೋಟರು ತಾನೇ ಹತ್ತುತ್ತದೆ, ಅದು ಯಾವ ಗಳಿಗೆಯೆಂದು ಯಾರಿಗೆ ಗೊತ್ತು ಎಂದಳು. ಬೀಗದಕೈ ಕೇಳಿದಳು.

ನಿಂಬೆವ್ವ ಬೀಗ ತೆಗೆದಳು, ಒಳಗೆ ಕಾಲಿಡಲಿಲ್ಲ. ಆ ಹೊಸ್ತಿಲು ಅವಳು ಇಪ್ಪತ್ತು ವರ್ಷದಿಂದ ದಾಟಿರಲಿಲ್ಲ. ಗುರುಶಾಂತಮ್ಮ ಅವಳ ಪಕ್ಕದಲ್ಲೇ ನಿಂತಿದ್ದರು. ಒಳಗೆ ಹೊಸ ಆಟೋ ಸ್ಟಾರ್ಟರಿನ ಪಕ್ಕದಲ್ಲಿ ಅದೇ ಹಳೆಯ ಕಬ್ಬಿಣದ ಡಬ್ಬಿ, ಅದೇ ಹ್ಯಾಂಡಲ್. ಜಸ್ಮೀನ ಹ್ಯಾಂಡಲ್ ಇಳಿಸಿದಳು. ಆಮೇಲೆ ಮುಚ್ಚಳ ತೆಗೆದು, ಬಿಳಿಯ ಫ್ಯೂಸುಗಳನ್ನು ಒಂದೊಂದಾಗಿ ಮೂರನ್ನೂ ಕಿತ್ತು, ಓಢಣಿಯ ಅಂಚಿನಲ್ಲಿ ಗಂಟು ಹಾಕಿಕೊಂಡಳು.

"ಹ್ಯಾಂಡಲ್ ಇಳಿಸಿದೆಲ್ಲ ಬೇ," ಎಂದಳು ನಿಂಬೆವ್ವ. "ಮತ್ತ ಅವನ್ಯಾಕ ಕೀಳ್ತಿ?"

"ಸರ್ ಹೇಳಿಕೊಟ್ಟಾರ್ರೀ. ಹ್ಯಾಂಡಲ್ ಇಳಿಸಿದ್ರ ಸಾಲಂಗಿಲ್ಲ, ಹಿಂದಿಂದ ಮನಿಯವರು ಯಾರರೆ ಬಂದು ಎತ್ತತಾರ. ಅವರಿಗೇನು ಗೊತ್ತಿರ್ತದ? ಎತ್ತಿದವರದು ತಪ್ಪಲ್ಲ, ಕಲಿಸದೆ ಬಿಟ್ಟವನದು ತಪ್ಪು ಅಂತಿದ್ರು. ಪ್ರತಿ ವರ್ಷ ಮೊದಲ್ನೇ ದಿನ ಇದೇ ಪಾಠ." ಇಷ್ಟು ಹೇಳಿ ಜಸ್ಮೀನ ವಾಯರು ಎತ್ತಿ ಹಿಡಿಯಲು ಹೊರಗೆ ಹೋದಳು.

ನಿಂಬೆವ್ವ ಅಲುಗಾಡಲಿಲ್ಲ. ಭಜನೆಯ ತಾಳದ ಸದ್ದಿನಲ್ಲಿ ಅವಳ ಮಾತು ಕೇಳಿಸಿದ್ದು ಗುರುಶಾಂತಮ್ಮನೊಬ್ಬರಿಗೆ.

"ಮಾಸ್ತರಿಗೆ ಗೊತ್ತಿತ್ತೇನ್ರಿ?"

"ಅವತ್ತೇ ಗೊತ್ತಿತ್ತು ಬೇ."

"ನಿಮಗೂ?"

"ನನಗೂ."

ಇಪ್ಪತ್ತು ವರ್ಷದಿಂದ ಈ ಮಾತು ಆಡುವ ಗಳಿಗೆಗಾಗಿ ಗುರುಶಾಂತಮ್ಮ ಕಾದಿದ್ದರು. ಆಡಿದರೆ ಎದೆ ಹಗುರಾಗುತ್ತದೆಂದು ತಿಳಿದಿದ್ದರು. ಆಗಲಿಲ್ಲ. ಎದುರಿಗಿದ್ದ ಮುಖವನ್ನು ನೋಡಲಾಗದೆ ಅವರು ವಿಮಾನದ ಕಡೆ ತಿರುಗಿದರು. ಜಸ್ಮೀನ ಗಳುವಿನಿಂದ ವಾಯರು ಎತ್ತಿ ಹಿಡಿದಿದ್ದಳು, ಮಾಸ್ತರರು ಅದರ ಕೆಳಗೆ ಹಾದುಹೋಗುತ್ತಿದ್ದರು.

ಕುಣಿಯ ಹತ್ತಿರ ಎಲ್ಲವೂ ಕ್ರಮದಂತೆ ನಡೆಯಿತು. ಕುಣಿಯೊಳಗೆ ಕೊರೆದ ಗೂಡಿನಲ್ಲಿ ಕೂಡಿಸಿ, ಪತ್ರಿ ವಿಭೂತಿ ಹಾಕಿ, ಒಬ್ಬೊಬ್ಬರೂ ಮೂರು ಮೂರು ಹಿಡಿ ಮಣ್ಣು ಕೊಟ್ಟರು. ಕಲ್ಯಾಣಕುಮಾರ ನಾಲ್ಕು ಮಾತಾಡಿದರು. ಸರ್ ದೇವರಂಥವರು, ಆದರೆ ಮನುಷ್ಯನೆಂದ ಮೇಲೆ ಒಂದು ಲೋಪ ಇದ್ದೇ ಇರುತ್ತದೆ, ಆ ಹುಡುಗನ ವಿಷಯದಲ್ಲಿ ಅವರು ಕೊನೆಯವರೆಗೂ ಪಶ್ಚಾತ್ತಾಪಪಟ್ಟರು ಎಂದರು. ಜನ ತಲೆಯಾಡಿಸಿದರು. ಗುರುಶಾಂತಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಿಂತರು. ಅಳು ತಡೆಯುತ್ತಿದ್ದಾರೆಂದು ಹೆಂಗಸರು ಭುಜ ಹಿಡಿದುಕೊಂಡರು.

ಮಣ್ಣು ಕೊಟ್ಟವರಲ್ಲಿ ನಿಂಬೆವ್ವ ಇರಲಿಲ್ಲ.

ಹಿಂದಿರುಗುವಾಗ ಜಸ್ಮೀನ ಫ್ಯೂಸು ಹಾಕಿ ಬೀಗ ಜಡಿಯಲೆಂದು ಕೋಣೆಗೆ ಹೋದಳು. ಹಿಂದೆಯೇ ಗುರುಶಾಂತಮ್ಮ ಹೋದರು. ನಿಂಬೆವ್ವ ಒಳಗಿದ್ದಳು. ಎರಡೂ ಕೈಯಿಂದ ಹ್ಯಾಂಡಲ್ ಹಿಡಿದು, ಗೋಡೆಗೆ ಹಣೆ ಹಚ್ಚಿ, ಮೈಭಾರವೆಲ್ಲ ಅದರ ಮೇಲೆ ಬಿಟ್ಟು ಅದನ್ನು ಕೆಳಗೆ ಒತ್ತಿಕೊಂಡು ನಿಂತಿದ್ದಳು. ಬೆರಳುಗಳು ಬೆಳ್ಳಗಾಗಿದ್ದವು.

"ಬಿಡ್ರಿ ಅವ್ವಾ, ಎಲ್ಲಾ ಮುಗೀತು," ಎಂದಳು ಜಸ್ಮೀನ. ಓಢಣಿಯ ಗಂಟು ಬಿಚ್ಚಿ ತೋರಿಸಿದಳು. "ಫ್ಯೂಸ್ ನನ್ನ ಹತ್ರಾನೇ ಆವ. ಏನೂ ಆಗಂಗಿಲ್ಲ."

ಆಗಲೇ ಕರೆಂಟು ಬಂದು ಬೋರ್ಡಿನ ಮೇಲಿನ ದೀಪ ಹತ್ತಿತು. ನಿಂಬೆವ್ವ ಕಣ್ಣು ಬಿಗಿಯಾಗಿ ಮುಚ್ಚಿ, ಇದ್ದ ಶಕ್ತಿಯನ್ನೆಲ್ಲ ಹಾಕಿ, ಹ್ಯಾಂಡಲ್ಲನ್ನು ಇನ್ನೂ ಕೆಳಗೆ ಒತ್ತಿದಳು.